ನಾಯಕತ್ವ ತರಬೇತಿಯಿಂದ ನಾವು ಕಲಿತದ್ದು

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)

 

ಶಾಲಾ ನಾಯಕತ್ವ ತರಬೇತಿ ಪಡೆದವರು ನೀವು, ಅದರ ಅನುಭವ ಹೇಳಬೇಕು ಎಂದು ಅಧ್ಯಕ್ಷರು ಕೇಳಿಕೊಂಡರು. ಇಲ್ಲಿಂದ ನೆರವು ಪಡೆಯುವ ಶಾಲೆಗಳ ಮುಖ್ಯ ಶಿಕ್ಷಕರಿಗೂ ಅಂಥ ತರಬೇತಿ ಕೊಡಿಸುವ ಆಲೋಚನೆ ಅವರಿಗಿದೆ. ಒಳ್ಳೆಯ ಆಲೋಚನೆ. ಆದರೆ ಪ್ರಮಾಣಪತ್ರದಲ್ಲಿ ಒಬ್ಬರ ಹೆಸರು ಇರುವುದಾದರೂ ಅದನ್ನು ಮುಗಿಸಿದವರು ನಮ್ಮ ಶಾಲೆಯ ಎಂಟು ಜನ ಶಿಕ್ಷಕರು, ಒಬ್ಬ ಗುಮಾಸ್ತರು ಮತ್ತು ಇಬ್ಬರು ಅಡುಗೆಯವರು. ಆದ್ದರಿಂದ ಇಂದು ನಾವು ಎಂದೇ ಮಾತಾಡುತ್ತೇವೆ.

ನಮ್ಮದು ದಕ್ಷಿಣ ಕನ್ನಡದ ಒಂದು ಹಳ್ಳಿಯ ಸರಕಾರಿ ಪ್ರೌಢಶಾಲೆ. ಮನೆಯಲ್ಲಿ ಬ್ಯಾರಿ ಅಥವಾ ತುಳು, ಶಾಲೆಯಲ್ಲಿ ಕನ್ನಡ. ಹೆಚ್ಚಿನ ತಾಯಂದಿರು ಬೀಡಿ ಕಟ್ಟುವವರು. ಶಾಲೆಯ ಎಸ್ಸೆಸ್ಸೆಲ್ಸಿ ಫಲಿತಾಂಶ ಕೆಟ್ಟದ್ದಿರಲಿಲ್ಲ. ಗಂಟೆ ಸರಿಯಾಗಿ ಬಾರಿಸುತ್ತಿತ್ತು, ಕಡತಗಳು ಅಚ್ಚುಕಟ್ಟಾಗಿದ್ದವು, ತಪಾಸಣೆಗೆ ಬಂದವರು ಒಳ್ಳೆಯ ಮಾತು ಬರೆದು ಹೋಗುತ್ತಿದ್ದರು. ನಾಯಕತ್ವ ಎಂದರೆ ಇಷ್ಟೇ ಎಂದು ನಂಬಿದ್ದೆವು. ನಿವೃತ್ತಿಗೆ ನಾಲ್ಕು ವರ್ಷ ಇರುವಾಗ ತರಬೇತಿಯ ಆದೇಶ ಬಂತು. ಈ ವಯಸ್ಸಿನಲ್ಲಿ ಇನ್ನೇನು ಕಲಿಯುವುದು ಎಂದು ಗೊಣಗಿಕೊಂಡೇ ಹೊರಟದ್ದು ನಿಜ.

ಹೊಸದಿಲ್ಲಿಯಲ್ಲಿ 2012ರಲ್ಲಿ ರಾಷ್ಟ್ರೀಯ ಶಾಲಾ ನಾಯಕತ್ವ ಕೇಂದ್ರ ಆರಂಭವಾಯಿತು. ಮುಖ್ಯ ಶಿಕ್ಷಕರು ಕಲಿಯಬೇಕಾದ್ದನ್ನು ಆ ಕೇಂದ್ರ ಏಳು ಭಾಗ ಮಾಡಿದೆ. ಶಾಲಾ ಆಡಳಿತವೂ ಅದರಲ್ಲಿ ಒಂದು, ಆದರೆ ಏಳರಲ್ಲಿ ಒಂದು ಮಾತ್ರ. ಮೂವತ್ತು ವರ್ಷ ನಾವು ಆ ಒಂದನ್ನೇ ಇಡೀ ಕೆಲಸವೆಂದು ತಿಳಿದಿದ್ದೆವು. ಬೋಧನೆ, ತಂಡ ಕಟ್ಟುವುದು, ಹೊಸತನ್ನು ಮಾಡಿ ನೋಡುವುದು, ಊರಿನವರ ಜೊತೆಗೂಡಿ ಕೆಲಸ ಮಾಡುವುದು, ಇವೆಲ್ಲ ಉಳಿದ ಭಾಗಗಳು. ತನ್ನನ್ನು ತಾನು ಬೆಳೆಸಿಕೊಳ್ಳುವುದು ಎಂಬುದೂ ಒಂದು ಭಾಗ. ಅದನ್ನು ಓದಿ ಹಿಂದಿನ ಬೆಂಚಿನಲ್ಲಿ ನಾವು ಕೆಲವರು ನಕ್ಕೆವು.

ನಗು ಮೂರನೇ ದಿನ ನಿಂತಿತು. ನಮಗೆ ಪಾಠ ಮಾಡುತ್ತಿದ್ದ ಉಪನ್ಯಾಸಕಿ ನಮ್ಮ ಹಳೆ ವಿದ್ಯಾರ್ಥಿಗಳ ವಯಸ್ಸಿನವರು. ಎಲ್ಲರ ಕೈಗೂ ಒಂದು ಹಾಳೆ ಕೊಟ್ಟು, "ನಿಮ್ಮ ಶಾಲೆಯನ್ನು ಕೊನೆಯದಾಗಿ ಬಿಟ್ಟುಹೋದ ಮಗುವಿನ ಹೆಸರು ಬರೆಯಿರಿ, ಕಾರಣವನ್ನೂ ಬರೆಯಿರಿ" ಎಂದರು. ಶೇಕಡಾ ಎಷ್ಟು ಎಂದು ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದೆವು. ಹೆಸರು ನೆನಪಾಗಲಿಲ್ಲ. ಒಂಬತ್ತನೇ ತರಗತಿ, ಹುಡುಗಿ, ಎರಡನೇ ಸಾಲಿನಲ್ಲಿ ಕೂರುತ್ತಿದ್ದಳು. ಅಷ್ಟೇ. ಆ ಸಂಜೆ ಶಾಲೆಗೆ ಫೋನ್ ಮಾಡಿ ಗುಮಾಸ್ತರಿಂದ ಹಾಜರಿ ಪುಸ್ತಕ ತೆಗೆಸಿದೆವು. ಸಾಲಾಗಿ ಗೈರು, ಆಮೇಲೆ ಕೆಂಪು ಗೆರೆ. ಗೆರೆ ಎಳೆಯುವ ಮೊದಲು ನಾವು ಮಾಡಿದ್ದು ನೆರೆಮನೆಯ ಹುಡುಗನ ಕೈಯಲ್ಲಿ ಒಂದು ಚೀಟಿ ಕಳಿಸಿದ್ದು.

ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ, ಎಂದರೆ ಎಂಟನೇ ತರಗತಿಯವರೆಗೆ. ಒಂಬತ್ತರಲ್ಲಿ ಮಗು ಬಿಟ್ಟರೆ ಯಾರೂ ನಮ್ಮನ್ನು ಕೇಳುವುದಿಲ್ಲ. ಕೇಳುವವರಿಲ್ಲದ ಕಡೆ ನಾವೂ ಕೇಳಿಕೊಂಡಿರಲಿಲ್ಲ.

ತರಬೇತಿ ಮುಗಿದ ಮೊದಲ ಶನಿವಾರ ಆ ಮನೆಗೆ ಹೋದೆವು. ಜಗಲಿಯಲ್ಲಿ ತಾಯಿ ಮಡಿಲಲ್ಲಿ ಬೀಡಿಯ ತಟ್ಟೆ ಇಟ್ಟುಕೊಂಡು ಕೂತಿದ್ದರು. ಮಗಳು ಪಕ್ಕದಲ್ಲೇ ಎಲೆ ಕತ್ತರಿಸುತ್ತಿದ್ದಳು. ನಮ್ಮನ್ನು ಕಂಡು ಕತ್ತರಿ ಕೆಳಗಿಟ್ಟು ಒಳಗೆ ಹೋದಳು. ತಾಯಿ ಕುಳ್ಳಿರಿಸಿ, ಚಾ ಕೊಟ್ಟು, ಬಹಳ ಮರ್ಯಾದೆಯಿಂದಲೇ ಕೇಳಿದರು: "ಐದು ತಿಂಗಳಾಯ್ತಲ್ಲ ಮಾಸ್ಟ್ರೇ, ಇವತ್ತು ಯಾಕೆ ಬಂದ್ರಿ?"

ತರಬೇತಿಯಲ್ಲಿ ಬರೆಯಲು ಹೇಳಿದ್ದರು ಎಂದು ಹೇಳಲು ಬಾಯಿ ಬರಲಿಲ್ಲ. ಗಂಡನಿಗೆ ಸೊಂಟ ಬಿದ್ದು ಕೆಲಸವಿಲ್ಲ, ತನ್ನ ಒಬ್ಬಳ ಬೀಡಿಯಲ್ಲಿ ಮನೆ ನಡೆಯುವುದಿಲ್ಲ ಎಂದರು. ಮೊದಲ ತಿಂಗಳಲ್ಲೇ ಯಾರಾದರೂ ಬಂದು ಒಂದು ದಾರಿ ಹೇಳಿದ್ದರೆ ಕಳಿಸುತ್ತಿದ್ದೆ, ಈಗ ಅವಳಿಗೇ ನಾಚಿಕೆ ಎಂದರು. ಎರಡು ಸಲ ಮತ್ತೆ ಹೋದೆವು. ಅವಳು ಬರಲಿಲ್ಲ.

ತರಬೇತಿಯ ನಂತರದ ವರ್ಷದಲ್ಲಿ ಶಾಲಾ ಅಭಿವೃದ್ಧಿ ಯೋಜನೆ ಎಂದು ಒಂದು ಕೆಲಸ ಮಾಡಿ ತೋರಿಸಬೇಕಿತ್ತು. ಹೂದೋಟ, ಗೋಡೆಬರಹ ಎಂದು ಸಲಹೆಗಳು ಬಂದವು. ಹೂದೋಟ ಬೇಡ, ಗೈರಿನ ಲೆಕ್ಕ ನೋಡೋಣ ಎಂದೆವು. ನಮ್ಮ ಗಣಿತದ ಟೀಚರು ವರ್ಷದ ಹಾಜರಿಯನ್ನು ಗ್ರಾಫ್ ಹಾಳೆಯಲ್ಲಿ ಇಳಿಸಿದರು. ವಾರದ ಎರಡು ದಿನ ಗೈರು ಎದ್ದು ಕಾಣುತ್ತಿತ್ತು, ಅದೂ ಹುಡುಗಿಯರದೇ ಹೆಚ್ಚು. ಶಿಕ್ಷಕರ ಕೊಠಡಿಯಲ್ಲಿ ಎಲ್ಲರೂ ತಲೆ ಕೆಡಿಸಿಕೊಂಡೆವು. ಜಾತ್ರೆಯೋ, ಸಂತೆಯೋ, ಬಸ್ಸಿನ ತೊಂದರೆಯೋ? ಚಾ ತಂದುಕೊಟ್ಟ ಅಡುಗೆಯಕ್ಕ ಹಾಳೆಯನ್ನು ನೋಡಿ, "ಅದು ಬ್ರಾಂಚಿಗೆ ಬೀಡಿ ಕೊಡುವ ದಿನ ಅಲ್ವಾ? ಹಿಂದಿನ ರಾತ್ರಿ ಮಕ್ಕಳು ಹನ್ನೆರಡರವರೆಗೆ ಕೂತಿರ್ತಾರೆ" ಎಂದರು. ಎಷ್ಟೋ ವರ್ಷಗಳಿಂದ ಅವರಿಗೆ ಗೊತ್ತಿತ್ತು. ನಾವು ಅವರಲ್ಲಿ ಅಕ್ಕಿ ಬೇಳೆಯ ಲೆಕ್ಕ ಬಿಟ್ಟು ಬೇರೇನನ್ನೂ ಕೇಳಿರಲಿಲ್ಲ.

ಆಮೇಲೆ ಮಾಡಿದ್ದು ದೊಡ್ಡ ಕೆಲಸಗಳಲ್ಲ. ಆ ಎರಡು ದಿನ ಕಿರುಪರೀಕ್ಷೆ ಇಡಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಕರೆಯುತ್ತಿದ್ದ ಹೆತ್ತವರ ಸಭೆಯನ್ನು ಆದಿತ್ಯವಾರ ಮಧ್ಯಾಹ್ನಕ್ಕೆ ಬದಲಾಯಿಸಿದೆವು. ಬೆರಳೆಣಿಕೆಯಷ್ಟು ಜನ ಬರುತ್ತಿದ್ದ ಸಭೆಗೆ ಬೆಂಚು ಸಾಲದಾಯಿತು. ನಮ್ಮ ಸುತ್ತೋಲೆಯ ಕನ್ನಡ ಯಾರಿಗೂ ಬೇಕಾಗಿರಲಿಲ್ಲ, ಅಡುಗೆಯಕ್ಕನೇ ಎದ್ದು ಬ್ಯಾರಿಯಲ್ಲಿ ವಿಷಯ ಹೇಳಿದರು. ಮೂರು ದಿನ ಗೈರಾದರೆ ನಾಲ್ಕನೇ ದಿನ ಒಬ್ಬ ಶಿಕ್ಷಕರು ಮನೆಗೆ ಹೋಗುವುದು ಎಂದು ಹಂಚಿಕೊಂಡೆವು. "ಇದೂ ನಮ್ಮ ಕೆಲಸವಾ? ಇದಕ್ಕೆ ಸಂಬಳ ಕೊಡ್ತಾರಾ?" ಎಂದು ಒಬ್ಬರು ನೇರವಾಗಿಯೇ ಕೇಳಿದರು. ಅವರ ಪ್ರಶ್ನೆ ತಪ್ಪಲ್ಲ, ಶಿಕ್ಷಕರ ಮೇಲೆ ಕೆಲಸದ ಹೊರೆ ಹೆಚ್ಚಿದೆ. ಉತ್ತರ ಕೊಡದೆ ಮೊದಲ ಎರಡು ತಿಂಗಳು ಮುಖ್ಯೋಪಾಧ್ಯಾಯರೇ ಹೋಗಿ ಬಂದರು. ಮೂರನೇ ತಿಂಗಳು ಕೇಳಿದವರೇ ತಮ್ಮ ಬೈಕಿನಲ್ಲಿ ಹೊರಟರು.

ಆ ವರ್ಷ ಒಂಬತ್ತನೇ ತರಗತಿಯಿಂದ ಯಾರೂ ಬಿಟ್ಟುಹೋಗಲಿಲ್ಲ. ಮರುವರ್ಷ ಒಬ್ಬ ಹುಡುಗ ಬಿಟ್ಟ. ಅವನ ಹೆಸರು ನಮಗೆ ಗೊತ್ತಿದೆ.

ಋಣ ಯಾರಿಗೆ ಎಂದು ಹೇಳಬೇಕಲ್ಲ. ಆ ಪ್ರಶ್ನೆ ಕೇಳಿದ ಉಪನ್ಯಾಸಕಿಗೆ, ಗ್ರಾಫ್ ಬರೆದ ಟೀಚರಿಗೆ, ಅಡುಗೆಯಕ್ಕನಿಗೆ, ಬೈಕ್ ಹೊರಡಿಸಿದ ಸಹೋದ್ಯೋಗಿಗೆ. ಚಾ ಕೊಟ್ಟು ಪ್ರಶ್ನೆ ಕೇಳಿದ ಆ ತಾಯಿಗೆ ಎಲ್ಲರಿಗಿಂತ ಹೆಚ್ಚು. ಅವರ ಮಗಳಿಗೆ ಧನ್ಯವಾದ ಹೇಳಿದರೆ ಸಾಲದು, ಕ್ಷಮೆ ಕೇಳಬೇಕು. ನಾವು ಕಲಿತದ್ದರಿಂದ ಬೇರೆಯವರ ಮಕ್ಕಳಿಗೆ ಉಪಕಾರವಾಯಿತು, ಅವಳಿಗೆ ಆಗಲಿಲ್ಲ.

ತರಬೇತಿ ಏರ್ಪಡಿಸುವ ಟ್ರಸ್ಟಿನವರಲ್ಲಿ ಒಂದು ವಿನಂತಿ. ಮುಖ್ಯ ಶಿಕ್ಷಕರನ್ನು ಮಾತ್ರ ಕರೆಯಬೇಡಿ. ಒಂದು ದಿನವಾದರೂ ಗುಮಾಸ್ತರನ್ನು, ಅಡುಗೆಯವರನ್ನು, ಒಬ್ಬಿಬ್ಬರು ತಾಯಂದಿರನ್ನು ಜೊತೆಗೆ ಕೂರಿಸಿ. ಊಟದ ಖರ್ಚು ಸ್ವಲ್ಪ ಹೆಚ್ಚಾದೀತು.

ಹೆತ್ತವರಿಗೆ ಒಂದು ಮಾತು. ಬೀಡಿ ಕಾರ್ಮಿಕರ ಮಕ್ಕಳ ವಿದ್ಯಾಭ್ಯಾಸಕ್ಕೆ ಕೇಂದ್ರ ಕಾರ್ಮಿಕ ಇಲಾಖೆಯ ಸಹಾಯಧನವಿದೆ. ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಹಾಕಬೇಕು, ಅದಕ್ಕೆ ಬೀಡಿ ಕಾರ್ಮಿಕರ ಗುರುತಿನ ಚೀಟಿ ಬೇಕು. ನಮ್ಮ ಊರಿನ ಎಷ್ಟೋ ತಾಯಂದಿರು ಆ ಚೀಟಿಯನ್ನು ಪೆಟ್ಟಿಗೆಯಲ್ಲಿಟ್ಟು ಮರೆತಿದ್ದರು. ಮನೆಗೆ ಹೋದವರು ಇವತ್ತೇ ಹುಡುಕಿ. ಸಿಗದಿದ್ದರೆ, ಅಥವಾ ಅರ್ಜಿ ತುಂಬಲು ಬಾರದಿದ್ದರೆ, ಬಾಗಿಲ ಬಳಿಯ ಮೇಜಿನಲ್ಲಿ ನಮ್ಮ ಗಣಿತದ ಟೀಚರು ಕೂತಿದ್ದಾರೆ, ಅವರೂ ಈಗ ನಿವೃತ್ತರು. ಮಗ್ರಿಬ್‌ವರೆಗೆ ಇರುತ್ತಾರೆ.