ಪಾಲು ಮಾರಾಟವಾದರೆ ಮನೆ ಯಾರದು?

ಅಣ್ಣತಮ್ಮಂದಿರು ಬೇರೆಯಾಗುವಾಗ ಕಾಡುವ ಭಯವೊಂದಿದೆ. ಮುನಿದ ತಮ್ಮ ತನ್ನ ಪಾಲನ್ನು ಹೊರಗಿನವನಿಗೆ ಮಾರಿದರೆ, ಆತ ನಡುಮನೆಗೇ ಬಂದು ಕೂರಬಹುದೇ?

ಕಲ್ಯಾಣದ ವಿಜ್ಞಾನೇಶ್ವರನ ‘ಮಿತಾಕ್ಷರಾ’ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಹೇಳಿತು. ಇಂದು ಹೆಣ್ಣುಮಕ್ಕಳಿಗೂ ಅದುಂಟು. ಬ್ರಿಟಿಷರ ಕಾಲದ ಮದರಾಸು, ಮುಂಬಯಿ ನ್ಯಾಯಾಲಯಗಳು ವಿಭಾಗವಾಗದ ಪಾಲನ್ನೂ ಮಾರಬಹುದೆಂದವು.

ಆದ್ದರಿಂದ ಮನೆಗೊಂದು ಬೇಲಿ ಬೇಕಾಯಿತು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 44ನೇ ಕಲಮಿನಂತೆ, ಕೊಂಡವನಿಗೆ ಕುಟುಂಬದ ವಾಸದ ಮನೆಯಲ್ಲಿ ಜಂಟಿ ಸ್ವಾಧೀನವಿಲ್ಲ. ಆತ ವಿಭಾಗಕ್ಕೆ ದಾವೆ ಹೂಡಬೇಕು. ಹೂಡಿದರೆ, 1893ರ ವಿಭಾಗ ಕಾಯಿದೆಯ 4ನೇ ಕಲಮಿನಂತೆ, ನ್ಯಾಯಾಲಯ ಗೊತ್ತುಮಾಡಿದ ಬೆಲೆಗೆ ಮನೆಯವರೇ ಆ ಪಾಲನ್ನು ಕೊಳ್ಳಬಹುದು.

ಹೊಲಗದ್ದೆಗೆ ಈ ಬೇಲಿಯಿಲ್ಲ. ಬೆಲೆ ಹೊಂದಿಸಲಾಗದಿದ್ದರೆ ಮನೆಯೂ ಕೈತಪ್ಪೀತು. ಮಾರುವ ಮೊದಲು ಅಣ್ಣನನ್ನೊಮ್ಮೆ ಕೇಳುವುದೇ ಮೇಲು.