ನರರೋಗದ ಬೆನ್ನಿಗೆ ಬರುವ ಖಿನ್ನತೆ ಮತ್ತು ಕೈಯಲ್ಲಿರುವ ಫೋನು



ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಅಪಸ್ಮಾರ, ಪಾರ್ಶ್ವವಾಯು ಎಂದೊಡನೆ ನಮಗೆ ನೆನಪಾಗುವುದು ನಡುಗುವ ಕೈ, ಎಳೆದುಕೊಂಡು ಹೋಗುವ ಕಾಲು, ನೆಲಕ್ಕೆ ಬಿದ್ದ ಮೈ. ಮನಸ್ಸು ನೆನಪಾಗುವುದಿಲ್ಲ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ತನ್ನ ಪ್ರಬಂಧದಲ್ಲಿ, ಈ ಕಾಯಿಲೆಯಲ್ಲಿ ಇಂದ್ರಿಯಗಳಿಗೂ ಬುದ್ಧಿಗೂ ಕೇಡಿಲ್ಲ ಎಂದು ಬರೆದಿದ್ದ. ಆ ಮಾತು ಬಹುಕಾಲ ಹಾಗೆಯೇ ನಿಂತಿತು. ಈಗ ತಿಳಿದಿರುವುದು ಬೇರೆ. ಪಾರ್ಕಿನ್ಸನ್ ಇರುವ ನೂರು ಜನರಲ್ಲಿ ಸುಮಾರು 40 ಮಂದಿಗೆ ಖಿನ್ನತೆಯ ಲಕ್ಷಣಗಳಿರುತ್ತವೆ. ಪಾರ್ಶ್ವವಾಯು ಆದವರಲ್ಲಿ ಮೂವರಲ್ಲೊಬ್ಬರಿಗೆ ಅದು ಬರುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಬದುಕಿನ ಒಂದಲ್ಲ ಒಂದು ಘಟ್ಟದಲ್ಲಿ ಅದನ್ನು ಅನುಭವಿಸುತ್ತಾರೆ.

ಕಾಯಿಲೆ ಬಂತಲ್ಲ ಎಂಬ ದುಃಖವೊಂದೇ ಇದಕ್ಕೆ ಕಾರಣವಲ್ಲ. ಪಾರ್ಕಿನ್ಸನ್‌ನಲ್ಲಿ ಡೋಪಮಿನ್ ಜೊತೆಗೆ ಸೆರೊಟೋನಿನ್, ನಾರ್‌ಅಡ್ರಿನಲಿನ್ ತಯಾರಿಸುವ ಜೀವಕೋಶಗಳೂ ನಶಿಸುತ್ತವೆ. ಹಾಗಾಗಿ ಕೆಲವರಿಗೆ ಕೈ ನಡುಗುವ ಎಷ್ಟೋ ವರ್ಷ ಮೊದಲೇ ಮನಸ್ಸು ಕುಗ್ಗಿರುತ್ತದೆ. ಮನೆಯವರು ಎಷ್ಟೇ ಪ್ರೀತಿಯಿಂದ ‘ಧೈರ್ಯ ತಂದುಕೊಳ್ಳಿ’ ಎಂದರೂ ಅದು ಔಷಧವಾಗುವುದಿಲ್ಲ.

ಮುಂಬಯಿಯ ಒಂದು ಸಾರ್ವಜನಿಕ ಆಸ್ಪತ್ರೆಯ ನರರೋಗ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆಯಾಗಿ ಬಹಳ ವರ್ಷ ದುಡಿದವಳು ನಾನು. ಭಾಂಡುಪ್‌ನಿಂದ ಬರುತ್ತಿದ್ದ ಒಬ್ಬ ಹಿರಿಯರ ವಿಷಯ ಹೇಳುತ್ತೇನೆ. ಉಡುಪಿ ಕಡೆಯವರು, ಹೋಟೆಲಿನ ಗಲ್ಲಾದಲ್ಲಿ ಕೂತು ಆಯುಷ್ಯ ಕಳೆದವರು. ಉದ್ರಿ ಪುಸ್ತಕದಲ್ಲಿ ಅವರ ಅಕ್ಷರ ತಿಂಗಳಿಂದ ತಿಂಗಳಿಗೆ ಸಣ್ಣದಾಗುತ್ತ ಬಂದದ್ದನ್ನು ಮಗ ಗಮನಿಸಿದ್ದ. ಪಾರ್ಕಿನ್ಸನ್ ಎಂದು ಗೊತ್ತಾಯಿತು, ಸಿಂಡೋಪಾ ಮಾತ್ರೆ ಶುರುವಾಯಿತು, ನಡಿಗೆ ಸುಧಾರಿಸಿತು. ಹೆಂಡತಿ ಮಾತ್ರ ಹೇಳುತ್ತಿದ್ದರು: “ಮೇಡಂ, ಮಾತ್ರೆ ಎಲ್ಲ ಸರಿ ತಗೊಳ್ತಾರೆ. ಆದರೆ ಮನೆಯಲ್ಲಿ ಇದ್ದೂ ಇಲ್ಲದ ಹಾಗೆ ಇದ್ದಾರೆ. ಮೊಮ್ಮಗು ಬಂದರೂ ತಿರುಗಿ ನೋಡುವುದಿಲ್ಲ.” ಮುಖದಲ್ಲಿ ಭಾವವಿಲ್ಲದ್ದು, ನಿದ್ದೆ ಕೆಟ್ಟದ್ದು, ಮೈ ಭಾರವಾದದ್ದು ಎಲ್ಲವನ್ನೂ ಮೂಲ ಕಾಯಿಲೆಯ ಖಾತೆಗೆ ಬರೆದಾಗಿತ್ತು. ಖಿನ್ನತೆಯನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲೂ ನಿದ್ದೆ, ಸುಸ್ತು, ನಿಧಾನಗತಿಗಳೇ ಅಂಕ ತಿನ್ನುತ್ತವೆ. ನರರೋಗಿಯಲ್ಲಿ ಅವುಗಳಿಂದ ಏನೂ ತೀರ್ಮಾನವಾಗದು. ಬೇರೆಯದನ್ನು ಕೇಳಬೇಕು. ಕೇಳಿದಾಗ ತಿಳಿಯಿತು, ಈ ಹಿರಿಯರು ಕನ್ನಡ ಪೇಪರ್ ಓದುವುದನ್ನು ಬಿಟ್ಟಿದ್ದರು, ಯಕ್ಷಗಾನದ ಸುದ್ದಿ ಕೇಳುವುದನ್ನು ಬಿಟ್ಟಿದ್ದರು. ‘ನಾನು ಮನೆಗೆ ಭಾರ’ ಎಂಬ ಒಂದು ಮಾತು ಮಾತ್ರ ಉಳಿದಿತ್ತು.

ಮನೋವೈದ್ಯರು ಔಷಧಿಯ ಜೊತೆ ವಾರಕ್ಕೊಮ್ಮೆ ಆಪ್ತಸಮಾಲೋಚನೆಗೂ ಬರಹೇಳಿದರು. ಭಾಂಡುಪ್‌ನಿಂದ ಪರೇಲ್‌ನ ನಮ್ಮ ಆಸ್ಪತ್ರೆಗೆ ಸ್ಲೋ ಗಾಡಿಯಲ್ಲಿ ಬರುವುದು ನಿಮಗೆ ನನಗೆ ದೊಡ್ಡ ಮಾತಲ್ಲ. ಹೆಜ್ಜೆ ಎತ್ತುವಾಗ ಕಾಲು ನೆಲಕ್ಕೆ ಅಂಟಿಕೊಳ್ಳುವವರಿಗೆ ಸೇತುವೆಯ ಮೆಟ್ಟಿಲು, ಗಾಡಿ ನಿಲ್ಲುವ ಕೆಲವೇ ಸೆಕೆಂಡುಗಳು, ಹಿಂದಿನಿಂದ ನೂಕುವ ಜನ, ಇಷ್ಟನ್ನೂ ದಾಟಬೇಕು. ಅಂಗವಿಕಲರ ಡಬ್ಬಿ ಇದೆ, ಆದರೆ ಅಲ್ಲಿಯವರೆಗೆ ನಡೆದು ಹೋಗಬೇಕು. ಮಗನಿಗೆ ಆ ದಿನದ ಪಗಾರ ಹೋಗುತ್ತದೆ. ಅವರು ಬರುವುದು ನಿಂತೇ ಹೋಯಿತು.

ಮೊಬೈಲಿನ ಸ್ವಸಹಾಯ ಈ ನಗರದಲ್ಲಿ ಅಗತ್ಯವಾಗುವುದು ಇಂಥವರಿಗಾಗಿ. ಅದು ನಿಜಕ್ಕೂ ಕೆಲಸ ಮಾಡುತ್ತದೆಯೇ? ಜರ್ಮನಿಯಲ್ಲಿ ಡೆಪ್ರೆಕ್ಸಿಸ್ ಎಂಬ ಕಾರ್ಯಕ್ರಮವಿದೆ. ಪರದೆಯ ಮೇಲೆ ಒಂದು ಮಾತು ಬರುತ್ತದೆ, ರೋಗಿ ತನಗೆ ಹೊಂದುವ ಉತ್ತರ ಆರಿಸುತ್ತಾನೆ, ಮುಂದಿನ ಮಾತು ಅದಕ್ಕೆ ತಕ್ಕಂತೆ ಬರುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವ 90 ಜನರ ಮೇಲೆ ಹ್ಯಾಂಬರ್ಗಿನಲ್ಲಿ ಒಂಬತ್ತು ವಾರ ಇದನ್ನು ಪರೀಕ್ಷಿಸಿದ ವರದಿ 2015ರಲ್ಲಿ ಬಂತು. 2023ರಲ್ಲಿ ಜರ್ಮನಿ ಮತ್ತು ಅಮೆರಿಕದ 279 ಜನರ ವರದಿ ಬಂತು. ಎರಡರಲ್ಲೂ ಕಾರ್ಯಕ್ರಮ ಬಳಸಿದವರ ಖಿನ್ನತೆ, ಕಾಯುವ ಪಟ್ಟಿಯಲ್ಲಿದ್ದವರಿಗಿಂತ ಇಳಿದಿತ್ತು. ಅಪಸ್ಮಾರದವರಿಗೆಂದೇ ಮಾಡಿದ ಎಮಿನಾ ಕಾರ್ಯಕ್ರಮವನ್ನು 200 ಜನರಲ್ಲಿ ಪರೀಕ್ಷಿಸಿದಾಗಲೂ ಪ್ರಯೋಜನ ಕಂಡಿತು. ನಮ್ಮ ನಿಮ್ಹಾನ್ಸ್‌ನಲ್ಲಿ ಸೀಮಾ ಮೆಹರೋತ್ರ ಅವರ ತಂಡ ಭಾರತದ ನಗರವಾಸಿಗಳಿಗಾಗಿ ‘ಪುಶ್-ಡಿ’ ಎಂಬ ಸ್ವಸಹಾಯ ಆ್ಯಪ್ ರೂಪಿಸಿದೆ, ಆದರೆ ಅದು ಸಾಮಾನ್ಯ ಖಿನ್ನತೆಗೆ. ನಡುಗುವ ಕೈಯವರಿಗೆ, ಕನ್ನಡದಲ್ಲಿ, ಅವರ ಕಾಯಿಲೆಯನ್ನು ಅರಿತು ಮಾತಾಡುವ ಕಾರ್ಯಕ್ರಮ ಬೇಕು.

ಭಾಂಡುಪ್‌ನ ಆ ಹಿರಿಯರ ಮನೆಗೆ ಫೋನಿನಲ್ಲಿ ಇಂಥ ಸ್ವಸಹಾಯದ ಪಾಠ ಮಾಡಿಸಲು ಹೋದಾಗ ನಾನು ನೋಡಿದ್ದು ಮರೆಯುವಂಥದ್ದಲ್ಲ. ಫೋನು ಮಗನದ್ದು. ಒಂದು ಕೋಣೆ, ಒಂದು ಅಡುಗೆಮನೆ, ಐದು ಜನ. ಬೆರಳು ಪರದೆಗೆ ಒಮ್ಮೆ ತಾಗುವ ಬದಲು ಮೂರು ಸಲ ತಾಗಿ, ಬೇಡದ ಪುಟ ತೆರೆದುಕೊಳ್ಳುತ್ತಿತ್ತು. ಮಾತಾಡಿ ಟೈಪ್ ಮಾಡಿಸೋಣವೆಂದರೆ ಪಾರ್ಕಿನ್ಸನ್ ದನಿಯನ್ನೂ ತಗ್ಗಿಸುತ್ತದೆ, ಫೋನಿಗೆ ಅದು ಕೇಳಿಸಲೇ ಇಲ್ಲ. ಸಂಜೆ ಮಾತ್ರೆಯ ಬಲ ಇಳಿಯುವ ಹೊತ್ತಿಗೆ ಮೈ ಬಿಗಿಯುತ್ತಿತ್ತು, ಅದರ ಜೊತೆಗೇ ಮನಸ್ಸೂ ಕುಸಿಯುತ್ತಿತ್ತು. ಆ ಹೊತ್ತಿನಲ್ಲಿ ಪಾಠ ತೆರೆಯಿರಿ ಎಂದರೆ ಆಗುವ ಮಾತೇ? ಮರುತಾಗುವಿಕೆಯನ್ನು ಲೆಕ್ಕಿಸದಂತೆ ಫೋನಿನ ಸೆಟ್ಟಿಂಗ್ ಬದಲಿಸಿದೆವು. ಬೆಳಗಿನ ಮಾತ್ರೆ ಹಿಡಿದ ಮೇಲಿನ ಹೊತ್ತನ್ನು ಆರಿಸಿಕೊಂಡೆವು. ಇಷ್ಟವಿದ್ದ ಕೆಲಸವನ್ನು ಉತ್ಸಾಹ ಬರಲೆಂದು ಕಾಯದೆ ಸಣ್ಣ ಪ್ರಮಾಣದಲ್ಲಿ ಮತ್ತೆ ಶುರುಮಾಡುವುದು ಇಂಥ ಚಿಕಿತ್ಸೆಯ ಒಂದು ಮುಖ್ಯ ಹೆಜ್ಜೆ. ಅವರ ಪಾಲಿಗೆ ಅದು ಪೇಪರಿನ ಒಂದು ಸುದ್ದಿಯನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳುವುದಾಯಿತು. ದನಿಗೂ ಅದು ವ್ಯಾಯಾಮ. ಅಪ್ಪ ಇವತ್ತು ಪೇಪರ್ ತಡವಾಯಿತೆಂದು ಗೊಣಗಿದರು ಎಂದು ಮಗ ಫೋನಿನಲ್ಲಿ ಹೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಇನ್ನೊಂದು ಪ್ರಶ್ನೆ, ಆಚೆ ತುದಿಯಲ್ಲಿ ಮನುಷ್ಯರು ಬೇಕೇ? ಇಂಥ ಕಾರ್ಯಕ್ರಮಗಳ ಕುರಿತ 39 ಅಧ್ಯಯನಗಳ 9,751 ಜನರ ವಿವರ ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಖಿನ್ನತೆ ಲಘುವಾಗಿದ್ದರೆ ಒಂಟಿ ಬಳಕೆಗೂ ಮಾರ್ಗದರ್ಶನಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಅದು ಹೆಚ್ಚಿದಂತೆ ಮಾರ್ಗದರ್ಶನವಿದ್ದವರಿಗೇ ಲಾಭ ಜಾಸ್ತಿ. ನನ್ನ ಅನುಭವವೂ ಅದನ್ನೇ ಹೇಳುತ್ತದೆ. ಹ್ಯಾಂಬರ್ಗಿನ ಅಧ್ಯಯನದಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚಿದ್ದವರನ್ನು ಸೇರಿಸಿಕೊಂಡಿರಲಿಲ್ಲ ಎಂಬುದನ್ನೂ ಮರೆಯಬಾರದು. ಖಿನ್ನತೆಯನ್ನು ಅಳೆಯುವ ಆ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಕೊನೆಯದು ಸಾಯುವ ಯೋಚನೆಯ ಬಗ್ಗೆ. ಅದಕ್ಕೆ ‘ಹೌದು’ ಎಂದವರಿಗೆ ಪರದೆ ಧನ್ಯವಾದ ಹೇಳಿ ಸುಮ್ಮನಾದರೆ ಅದು ಅಪರಾಧ ಎಂದೇ ನಾನು ಭಾವಿಸುತ್ತೇನೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಹಗಲೂ ರಾತ್ರಿ ಉಚಿತ, ಅದರ ಭಾಷೆಗಳಲ್ಲಿ ಕನ್ನಡವೂ ಇದೆ. ದಯವಿಟ್ಟು ಇದನ್ನು ಮನೆಯ ಗೋಡೆಯ ಮೇಲೆ ಬರೆದಿಡಿ.

ಈ ನಗರದಲ್ಲಿ ನೆಲೆಗಳಿಲ್ಲವೆಂದಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ 1985ರಿಂದ ಇದೆ. ಡಾ. ಬಿ. ಎಸ್. ಸಿಂಘಾಲ್ ಅವರ ಮುಂದಾಳ್ತನದಲ್ಲಿ 2001ರಲ್ಲಿ ಹುಟ್ಟಿದ ಪಾರ್ಕಿನ್ಸನ್ ಸೊಸೈಟಿ ಕೊರೋನಾ ಕಾಲದಲ್ಲಿ ತನ್ನ ಬೆಂಬಲ ಗುಂಪುಗಳನ್ನು ಆನ್‌ಲೈನಿಗೆ ತಂದಿತು. ದೇವನಾರ್‌ನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಐಕಾಲ್ ಸಹಾಯವಾಣಿ 2012ರಿಂದ ಕರೆಗಳನ್ನು ಆಲಿಸುತ್ತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಎರಡನ್ನೂ ಹೆಸರಿಸಿ ಒಳಗೊಂಡಿದೆ. ಮನಸ್ಸಿನ ವಿಷಯವನ್ನು ಸಾಮಾನ್ಯ ಓದುಗರಿಗೆ ತಿಳಿಹೇಳುವ ಪರಂಪರೆ ಕನ್ನಡಕ್ಕೆ ಹೊಸದಲ್ಲ. ಲೇಖಕ ರಾಶಿಯವರ ‘ಮನ ಮಂಥನ’ಕ್ಕೆ 1976ರಲ್ಲೇ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಡಾ. ಸಿ. ಆರ್. ಚಂದ್ರಶೇಖರ್ ಬರೆದ ಪುಸ್ತಕಗಳು ಊರೂರಿನ ಮನೆಗಳಲ್ಲಿವೆ. ಪಾಠ ಬರೆಯಬಲ್ಲವರು ನಮ್ಮಲ್ಲಿದ್ದಾರೆ.

ಇಲ್ಲದಿರುವುದು ವಾರಕ್ಕೊಮ್ಮೆ ಫೋನ್ ಮಾಡುವವರು. 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘ, ಉಪನಗರಗಳ ಎಲ್ಲ ಜಾತೀಯ ಸಂಘಗಳನ್ನು ನಾನು ಬೇಡಿಕೊಳ್ಳುವುದು ಇದನ್ನು. ಹಗಲು ಕ್ಯಾಂಟೀನಿನಲ್ಲಿ ದುಡಿದ ಹುಡುಗರಿಗೆ ಫೋರ್ಟ್‌ನ ರಾತ್ರಿಶಾಲೆಗಳಲ್ಲಿ ಓದು ಕಲಿಸಿದ ಸಮಾಜ ನಮ್ಮದು. ಆ ಹುಡುಗರೇ ಈಗ ಎಪ್ಪತ್ತು ದಾಟಿ ಕೂತಿದ್ದಾರೆ. ತರಬೇತಿ ಪಡೆದ ಒಬ್ಬ ಸ್ವಯಂಸೇವಕರಿಗೆ ನಾಲ್ಕೈದು ಮನೆ ಸಾಕು. ಔಷಧಿಯ ಸಲಹೆ ಕೊಡಕೂಡದು, ಕೇಳಿದ್ದನ್ನು ಹೊರಗೆ ಆಡಕೂಡದು, ಸಾಯುವ ಮಾತು ಬಂದರೆ ಕರೆ ಕಡಿಯದೆ ಮನೆಯವರಿಗೂ ವೈದ್ಯರಿಗೂ ತಿಳಿಸಬೇಕು. ಕರೆಯ ಹೊತ್ತನ್ನು ನಮ್ಮ ಬಿಡುವು ನೋಡಿ ಇಡಬಾರದು, ರೋಗಿಯ ಮಾತ್ರೆಯ ಹೊತ್ತು ನೋಡಿ ಇಡಬೇಕು. ಪಾಠ ತೆರೆದಿರಾ, ಏನು ಮಾಡಿ ನೋಡಿದಿರಿ ಎಂದು ರೋಗಿಯನ್ನು ಕೇಳಿದ ಮೇಲೆ ಫೋನನ್ನು ಆರೈಕೆ ಮಾಡುವ ಹೆಂಡತಿಗೋ ಸೊಸೆಗೋ ಕೊಡಿಸಿ, ನೀವು ನಿದ್ದೆ ಮಾಡಿದಿರಾ ಎಂದು ಅವರನ್ನೂ ಕೇಳಬೇಕು.