ಎಲೆ ಕೆಂಪಾಗುವ ದಿನ ಕಾದವರು



ನವೆಂಬರ್ ಕೊನೆಗೆ ಜಪಾನಿನ ಕ್ಯೋಟೊ ನಗರದಲ್ಲಿ ಉಳಿದುಕೊಳ್ಳಲು ಕೋಣೆ ಸಿಗುವುದೇ ಕಷ್ಟ. ದೇವಾಲಯಗಳ ಅಂಗಳದಲ್ಲಿ, ಹೊಳೆಯ ಇಕ್ಕೆಲದ ಗುಡ್ಡಗಳಲ್ಲಿ ಮೇಪಲ್ ಮರಗಳು ಕೆಂಪಾಗಿ ನಿಂತಿರುತ್ತವೆ. ಅವನ್ನು ನೋಡಲೆಂದೇ ಜನ ದೂರದೂರದಿಂದ ಬರುತ್ತಾರೆ. ಈ ಪ್ರವಾಸಕ್ಕೆ ಜಪಾನೀಯರು ಮೊಮಿಜಿಗಾರಿ ಎನ್ನುತ್ತಾರೆ. ಎಲ್ಲಿಗೆ ಹೋಗಬೇಕು, ಯಾವ ವಾರ ಹೋದರೆ ಎಲೆ ಸಿಕ್ಕೀತು ಎಂಬ ಲೆಕ್ಕಾಚಾರ ಅವರಲ್ಲಿ ಸಾವಿರ ವರ್ಷಕ್ಕೂ ಹಳೆಯದು.

ಆರಂಭ ಅರಮನೆಯಲ್ಲಿ. ಏಳನೆಯ ಶತಮಾನದಲ್ಲಿ ತೆಂಜಿ ಚಕ್ರವರ್ತಿಯ ಆಸ್ಥಾನದಲ್ಲಿ ವಸಂತದ ಹೂವು ಮೇಲೋ, ಶರತ್ಕಾಲದ ಎಲೆ ಮೇಲೋ ಎಂಬ ಪ್ರಶ್ನೆ ಎದ್ದಾಗ ನುಕಾತ ಎಂಬ ರಾಜಕುಮಾರಿ ಪದ್ಯದಲ್ಲೇ ತೀರ್ಪು ಕೊಟ್ಟಳು. ಅವಳ ಆಯ್ಕೆ ಶರತ್ಕಾಲ. ಎಂಟನೆಯ ಶತಮಾನದ ‘ಮಾನ್‌ಯೋಶು’ ಸಂಕಲನದಲ್ಲಿ ಆ ಪದ್ಯ ಇಂದಿಗೂ ಉಳಿದಿದೆ.

794ರಲ್ಲಿ ಕ್ಯೋಟೊ ರಾಜಧಾನಿಯಾಯಿತು. ಅಲ್ಲಿಂದಾಚೆಗೆ ಎಲೆ ನೋಡಲು ಹೋಗುವುದು ಆಸ್ಥಾನದವರ ವಾಡಿಕೆಯೇ ಆಯಿತು. ಹತ್ತನೆಯ ಶತಮಾನದ ಮೊದಲ ಭಾಗದ ಒಂದು ಪ್ರಸಂಗ ಮನಸ್ಸಿನಲ್ಲಿ ಉಳಿಯುವಂಥದ್ದು. ಪಟ್ಟ ಬಿಟ್ಟಿದ್ದ ಉದ ಚಕ್ರವರ್ತಿ ನಗರದ ಪಶ್ಚಿಮಕ್ಕಿರುವ ಓಇ ಹೊಳೆಯ ಬಳಿಗೆ ಹೋದಾಗ ಎಲೆಗಳ ಬಣ್ಣ ಕಂಡು, ಇದನ್ನು ನನ್ನ ಮಗನೂ ನೋಡಬೇಕಿತ್ತು ಎಂದ. ಮಗ ದಾಯಿಗೊ ಆಗ ಚಕ್ರವರ್ತಿ. ಅವನ ಸವಾರಿ ಹೊರಡಬೇಕಾದರೆ ದಿನ ಹಿಡಿಯುತ್ತದೆ. ಎಲೆ ಅಷ್ಟು ಹೊತ್ತು ಇರಬೇಕಲ್ಲ? ಫುಜಿವಾರ ನೊ ತದಹಿರ ಎಂಬ ಮಂತ್ರಿ ಒಗುರ ಬೆಟ್ಟದ ಮೇಪಲ್‌ಗಳಿಗೇ ಪದ್ಯದಲ್ಲಿ ಮೊರೆಯಿಟ್ಟ: ಇನ್ನೊಂದು ಸವಾರಿ ಬರುವವರೆಗೆ ಉದುರದೆ ಕಾಯಿರಿ ಎಂದು. ಇಂದು ಆರು ತಿಂಗಳು ಮೊದಲೇ ಟಿಕೆಟ್ ತೆಗೆಸಿ ಮನೆಯಲ್ಲಿ ಕೂತವರ ಆತಂಕವೂ ಅದೇ.

ಬಡವರು, ಸಾಮಾನ್ಯರು ಯಾವಾಗ ಹೊರಟರು? ಅದಕ್ಕೆ ಒಂದು ಚಿತ್ರವೇ ಸಾಕ್ಷಿ. ಹದಿನಾರನೆಯ ಶತಮಾನದ ಕಾನೊ ಹಿದೆಯೊರಿ ಎಂಬ ಕಲಾವಿದ ಆರು ಮಡಿಕೆಯ ತೆರೆಯ ಮೇಲೆ, ಕ್ಯೋಟೊದ ವಾಯವ್ಯಕ್ಕಿರುವ ತಕಾವೊ ಬೆಟ್ಟದ ಮೊಮಿಜಿಗಾರಿಯನ್ನು ಬರೆದ. ಕಿಯೋತಕಿ ಹೊಳೆಗೆ ಅಡ್ಡವಾಗಿ ಸೇತುವೆ. ದಂಡೆಯಲ್ಲಿ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ದುಂಡಗೆ ಕುಳಿತಿದ್ದಾರೆ. ಪಕ್ಕದಲ್ಲೇ ಚಹಾ ಮಾರುವವನು. ಆಚೆ ಗಂಡಸರು ಕುಡಿದು ಕುಣಿಯುತ್ತಿದ್ದಾರೆ. ದೂರದಲ್ಲಿ ಅತಾಗೊ ಬೆಟ್ಟದ ಗುಡಿ ಆಗಲೇ ಹಿಮ ಹೊದ್ದಿದೆ. ಅದಕ್ಕೂ ಮೊದಲಿನ ಚಿತ್ರಗಳಲ್ಲಿ ಋತುವಿನ ಸೊಬಗು ಆಸ್ಥಾನದವರ ಪಾಲಾಗಿತ್ತು; ಇಲ್ಲಿ ನಡುವೆ ಕೂತಿರುವುದು ಊರಿನ ಜನ. ಟೋಕಿಯೋ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ಈ ತೆರೆಯನ್ನು ಜಪಾನ್ ರಾಷ್ಟ್ರೀಯ ನಿಧಿಯೆಂದು ಘೋಷಿಸಿದೆ. ನೂರು ಪ್ರವಾಸ ಪುಸ್ತಕಗಳಿಗಿಂತ ಈ ಒಂದು ಚಿತ್ರ ಹೆಚ್ಚು ಹೇಳುತ್ತದೆ.

ನಗರದ ಆಗ್ನೇಯದಲ್ಲಿರುವ ತೊಫುಕುಜಿ ಜೆನ್ ಮಠದ ಕತೆ ಬೇರೆ. ಅಲ್ಲಿನ ಕಣಿವೆಯಲ್ಲಿ ಈಗ ಸುಮಾರು 2000 ಮೇಪಲ್ ಮರಗಳಿವೆ, ಚೆರ್ರಿ ಕಾಣುವುದಿಲ್ಲ. ಮಠದ ಚಿತ್ರಕಾರ ಸನ್ಯಾಸಿ ಮಿಂಚೊ, ಹೂವು ನೋಡುವವರ ಮೋಜಿನಿಂದ ಸಾಧನೆ ಕೆಟ್ಟೀತೆಂದು ಶೋಗನ್ ಅಶಿಕಾಗ ಯೊಶಿಮೊಚಿಯನ್ನು ಕೇಳಿಕೊಂಡು ಚೆರ್ರಿ ಮರಗಳನ್ನು ಕಡಿಸಿದನೆಂದು ಐತಿಹ್ಯ. ಚೆರ್ರಿ ಹೋದರೂ ಜನ ಬರುವುದು ನಿಲ್ಲಲಿಲ್ಲ. ಕಣಿವೆಯ ಮೇಲಿನ ಮರದ ಸೇತುವೆ 1959ರ ಚಂಡಮಾರುತಕ್ಕೆ ಕುಸಿದು 1961ರಲ್ಲಿ ಮತ್ತೆ ಎದ್ದಿತು. ಈಗ ಜನಜಂಗುಳಿಯ ದಿನಗಳಲ್ಲಿ ಅದರ ಮೇಲೆ ನಿಂತು ಫೋಟೋ ತೆಗೆಯುವಂತಿಲ್ಲ.

ಊರೂರಿನ ಜನಕ್ಕೆ ದಾರಿ ತೋರಿಸಿದ್ದು ಅಚ್ಚಿನ ಪುಸ್ತಕ. 1780ರಲ್ಲಿ ಹೊರಬಂದ ‘ಮಿಯಾಕೊ ಮೇಶೊ ಜುಯೆ’ ಕ್ಯೋಟೊದ ನೋಡತಕ್ಕ ಸ್ಥಳಗಳನ್ನು ಚಿತ್ರಸಹಿತ ಪರಿಚಯಿಸಿತು. ಆಮೇಲೆ ಬಂದದ್ದು ರೈಲು.

ಒಸಾಕದ ಉತ್ತರಕ್ಕೆ ಮಿನೋ ಎಂಬ ಕಣಿವೆಯಿದೆ. ಅದರ ತುದಿಯಲ್ಲಿ 33 ಮೀಟರ್ ಎತ್ತರದ ಜಲಪಾತ. 1910ರಲ್ಲಿ ಕೊಬಾಯಾಶಿ ಇಚಿಜೊ ಎಂಬ ಉದ್ಯಮಿಯ ಕಂಪನಿ ಅಲ್ಲಿಗೆ ವಿದ್ಯುತ್ ರೈಲು ಓಡಿಸಿತು. ಇಂದಿನ ಹಾಂಕ್ಯೂ ರೈಲ್ವೆಯ ಮೂಲ ಅದೇ. ದಾರಿಯುದ್ದಕ್ಕೂ ಆಗ ಬರೀ ಹೊಲಗದ್ದೆ. ಬೋಗಿ ತುಂಬಬೇಕಾದರೆ ಜನಕ್ಕೆ ಹೋಗಲೊಂದು ಕಾರಣ ಬೇಕು. ಮೇಪಲ್ ಆ ಕಾರಣಗಳಲ್ಲೊಂದಾಯಿತು. ಪೇಟೆಯ ಗುಮಾಸ್ತ ಭಾನುವಾರ ಬೆಳಿಗ್ಗೆ ಹೊರಟು ಎಲೆ ನೋಡಿ ಸಂಜೆಗೆ ಮನೆ ಸೇರುವಂತಾದದ್ದು ಹೀಗೆ. ಮಿನೋದ ಬೀದಿಯಲ್ಲಿ ಎಲೆಯನ್ನು ತಿನ್ನುವುದೂ ಉಂಟು. ಹಣ್ಣಾದ ಮೇಪಲ್ ಎಲೆಯನ್ನು ವರ್ಷದ ಮಟ್ಟಿಗೆ ಉಪ್ಪಿನಲ್ಲಿ ಹಾಕಿಟ್ಟು, ಉಪ್ಪು ಹೋಗುವಂತೆ ತೊಳೆದು, ಸಕ್ಕರೆ, ಎಳ್ಳು ಬೆರೆಸಿದ ಗೋಧಿಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿಯುತ್ತಾರೆ. ಐದು ಬೆರಳಿನ ಆಕಾರ ಹಾಗೇ ಉಳಿದು, ನಮ್ಮ ಶಂಕರಪೋಳಿಯಂತೆ ಸಿಹಿಯಾಗಿ ಗರಿಗರಿಯಾಗಿರುತ್ತದೆ.

ಉದ ಚಕ್ರವರ್ತಿ ಎಲೆ ಕಂಡ ಆ ಹೊಳೆಯ ಪಕ್ಕಕ್ಕೂ ರೈಲು ಬಂತು. ಹೊಸ ಹಳಿ ಹಾಕಿದ ಮೇಲೆ ಬಿಟ್ಟುಹೋಗಿದ್ದ ಹಳೆಯ ಮಾರ್ಗದಲ್ಲಿ 1991ರಿಂದ ಪ್ರವಾಸಿಗಳಿಗಾಗಿಯೇ ಸಾಗಾನೊ ಟ್ರಾಲಿ ರೈಲು ಓಡುತ್ತಿದೆ. 7.3 ಕಿಲೋಮೀಟರನ್ನು ಬೇಕೆಂದೇ ನಿಧಾನವಾಗಿ, ಸುಮಾರು 25 ನಿಮಿಷದಲ್ಲಿ ದಾಟುತ್ತದೆ.

ಇನ್ನು ದಿನದ ಲೆಕ್ಕ. ಚಳಿ ಬಂದಂತೆ ಎಲೆಯ ಪತ್ರಹರಿತ್ತು ಕರಗುತ್ತದೆ. ಗಿಂಕೊ ಮರದಲ್ಲಿ ಮೊದಲೇ ಅಡಗಿದ್ದ ಹಳದಿ ಹೊರಗೆ ಕಾಣುತ್ತದೆ. ಮೇಪಲ್ ಮಾತ್ರ ಆಂಥೋಸಯಾನಿನ್ ಎಂಬ ಕೆಂಪು ವರ್ಣದ್ರವ್ಯವನ್ನು ಹೊಸದಾಗಿ ತಯಾರಿಸುತ್ತದೆ. ನಮ್ಮ ಮಾವಿನ ಚಿಗುರಿಗೆ ಕೆಂಪು ಕೊಡುವುದೂ ಇದೇ ಬಗೆಯ ದ್ರವ್ಯ. ನಮ್ಮಲ್ಲಿ ಎಲೆ ಹುಟ್ಟುವಾಗ ಕೆಂಪು, ಅಲ್ಲಿ ಉದುರುವಾಗ ಕೆಂಪು. ಹಗಲು ಒಳ್ಳೆಯ ಬಿಸಿಲು, ರಾತ್ರಿ ಕೊರೆಯುವ ಚಳಿ ಇದ್ದರೆ ಬಣ್ಣ ಚೆನ್ನಾಗಿ ಕೂಡುತ್ತದೆ.

ಜಪಾನಿನ ಹವಾಮಾನ ಇಲಾಖೆ 1953ರಿಂದ ಇದರ ದಾಖಲೆ ಇಟ್ಟಿದೆ. ಗೊತ್ತುಮಾಡಿದ ಮಾದರಿ ಮರದ ಬಳಿ ಸಿಬ್ಬಂದಿ ಹೋಗಿ ನೋಡುತ್ತಾರೆ. ಎಲೆಗಳ ಬಹುಪಾಲು ಕೆಂಪಾಗಿ ಹಸಿರು ಹೆಚ್ಚುಕಡಿಮೆ ಕಾಣದಂತಾದ ದಿನವನ್ನು ಬರೆದುಕೊಳ್ಳುತ್ತಾರೆ. 2021ರಲ್ಲಿ ಇಲಾಖೆ ಇಂಥ ಬಹಳಷ್ಟು ವೀಕ್ಷಣೆಗಳನ್ನು ಕೈಬಿಟ್ಟಿತು, ಮೇಪಲನ್ನು ಬಿಡಲಿಲ್ಲ. ಒಳ್ಳೆಯದೇ ಆಯಿತು, ಏಕೆಂದರೆ ಆ ದಾಖಲೆ ಹೇಳುತ್ತಿರುವುದು ಗಂಭೀರ ಸಂಗತಿ: ದೇಶದ ಸರಾಸರಿಯಲ್ಲಿ ಮೇಪಲ್ ಕೆಂಪಾಗುವ ದಿನ ಪ್ರತಿ ಹತ್ತು ವರ್ಷಕ್ಕೆ ಸುಮಾರು ಮೂರು ದಿನ ತಡವಾಗುತ್ತಿದೆ. ಬಿಸಿಯಾಗುತ್ತಿರುವ ಶರತ್ಕಾಲ ಇದಕ್ಕೆ ಕಾರಣ. ನಗರದ ತಗ್ಗಿನ ಅಂಗಳಗಳಲ್ಲಿ ಈಗ ಡಿಸೆಂಬರ್ ಬಂದರೂ ಬಣ್ಣ ಉಳಿದಿರುತ್ತದೆ. ಹಳೆಯ ಪ್ರವಾಸ ಪುಸ್ತಕದ ತಾರೀಖು ನಂಬಿ ಹೋದವರಿಗೆ ಹಸಿರೆಲೆಯೇ ಎದುರಾದೀತು.

ಆದ್ದರಿಂದ ಹೊರಡುವ ಯೋಚನೆ ಇದ್ದವರು ತಾರೀಖಿಗಿಂತ ಎತ್ತರವನ್ನು ನಂಬುವುದು ಲೇಸು. ಬೆಟ್ಟದ ಮೇಲೆ ಬಣ್ಣ ಮೊದಲು, ತಗ್ಗಿನಲ್ಲಿ ಆಮೇಲೆ. ನವೆಂಬರ್ ನಡುವೆ ತಲುಪುವವರು ತಕಾವೊಗೆ ಹೋಗಲಿ. ಕೊನೆಯ ವಾರ ತಲುಪುವವರು ತೊಫುಕುಜಿಗೆ, ಅದೂ ಬಾಗಿಲು ತೆರೆಯುವ ಹೊತ್ತಿಗೆ. ಕ್ಯೋಟೊದಲ್ಲಿ ಕೋಣೆ ಸಿಗದಿದ್ದರೆ ಒಸಾಕದಲ್ಲಿ ಉಳಿಯಬಹುದು, ರೈಲಿನಲ್ಲಿ ಅರ್ಧ ಗಂಟೆ. ಒಂದೇ ಜಾಗಕ್ಕೆ ಸಮಯವಿದ್ದರೆ ತಕಾವೊವನ್ನೇ ಆರಿಸಿ. ಹಿದೆಯೊರಿ ಬರೆದ ಹೊಳೆ ಅಲ್ಲಿ ಈಗಲೂ ಹರಿಯುತ್ತಿದೆ. ಜಿಂಗೊಜಿ ದೇವಾಲಯದ ಅಂಚಿನಿಂದ ಕಣಿವೆಗೆ ಪುಟ್ಟ ಮಣ್ಣಿನ ತಟ್ಟೆ ಎಸೆದು ಕೇಡು ಕಳೆದುಕೊಳ್ಳುವ ಪದ್ಧತಿಯೂ ಉಳಿದಿದೆ. ಕ್ಯೋಟೊ ನಿಲ್ದಾಣದಿಂದ ಬಸ್ಸಿನಲ್ಲಿ ಸುಮಾರು 50 ನಿಮಿಷ. ಇಳಿದ ಮೇಲೆ ದೇವಾಲಯಕ್ಕೆ ಸುಮಾರು 400 ಕಲ್ಲಿನ ಮೆಟ್ಟಿಲುಗಳಿವೆ, ಒಳ್ಳೆಯ ಬೂಟು ಹಾಕಿಕೊಂಡು ಹೋಗಿ.